‘ಆವರೇಜ್’ ಹುಟ್ಟಿದ್ದು ಹಡಗಿನಲ್ಲಿ!

ಮಕ್ಕಳೇ, ಹೊಸ ಬೈಕು ತಂದವರನ್ನು ಊರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಯಾವುದು? “ಆವರೇಜ್ ಎಷ್ಟು ಕೊಡತೈತಿ?” ಗಣಿತದ ಸರಾಸರಿಗೂ ಕ್ರಿಕೆಟ್ ರನ್ನಿನ ಲೆಕ್ಕಕ್ಕೂ ಇದೇ ಪದ. ಆದರೆ ಇದು ಹುಟ್ಟಿದ್ದು ಬಂದರಿನಲ್ಲಿ. ಕೆಟ್ಟುಹೋದ ಸರಕಿಗೆ ಅರಬ್ಬಿ ಭಾಷೆಯಲ್ಲಿ ‘ಅವಾರ್’ ಎಂಬ ಪದವಿತ್ತು. ಇಟಲಿಯ ವ್ಯಾಪಾರಿಗಳ ಬಾಯಲ್ಲಿ ಅದು ‘ಅವಾರಿಯಾ’ ಆಯಿತು, ಇಂಗ್ಲಿಷಿಗೆ ಬಂದಾಗ ‘ಆವರೇಜ್’ ಆಯಿತು. ಹಡಗಿಗಾದ ಹಾನಿಯನ್ನು ಎಲ್ಲರೂ ಹಂಚಿಕೊಳ್ಳುವುದು ಎಂಬುದು ಅದರ ಹಳೆಯ ಅರ್ಥ.

ಸುರೇಬಾನಕ್ಕೂ ಸಮುದ್ರಕ್ಕೂ ಏನು ಸಂಬಂಧ ಎನ್ನಬೇಡಿ. 19ನೇ ಶತಮಾನದಲ್ಲಿ, ಈ ಕಡೆ ರೈಲು ಬರುವ ಮೊದಲು, ಧಾರವಾಡ–ಬೆಳಗಾವಿ ಸೀಮೆಯ ಎರೆ ಹೊಲಗಳ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಪಯಣ. ಬೆಳೆದದ್ದು ನಮ್ಮ ಕಡೆಯಾದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’!

ಅಂಥ ಒಂದು ಹಡಗು ಮರಳು ದಿಬ್ಬಕ್ಕೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಏನು ಮಾಡಬೇಕು? ಇದಕ್ಕೊಂದು ಪ್ರಯೋಗ ಮಾಡಿ ನೋಡಿ. ಬಕೆಟ್ ನೀರಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇಲಿಬಿಟ್ಟು ಅದರೊಳಗೆ ಹರಳು ಹಾಕುತ್ತ ಹೋಗಿ. ಹೊರಗೆ ನೀರು ಎಲ್ಲಿಯವರೆಗೆ ಬಂತೆಂದು ಪೆನ್ನಿನಿಂದ ಗುರುತು ಮಾಡಿ. ನಾಲ್ಕು ಹರಳು ತೆಗೆಯಿರಿ. ಡಬ್ಬಿ ಮೇಲೇಳುತ್ತದೆ, ಅಲ್ಲವೇ? ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸುತ್ತದೆ. ತೂಕ ಇಳಿದರೆ ಮುಳುಗುವ ಭಾಗವೂ ಕಡಿಮೆ. ಹೀಗೆ ನೀರಿನೊಳಗೆ ಇರುವ ಆಳಕ್ಕೆ ಬಂದರಿನವರು ‘ಡ್ರಾಫ್ಟ್’ ಎನ್ನುತ್ತಾರೆ. ಹಡಗಿನ ಡ್ರಾಫ್ಟ್ ನೀರಿನ ಆಳಕ್ಕಿಂತ ಹೆಚ್ಚಾದರೆ ಅದು ಧಕ್ಕೆಗೆ ಬರಲಾರದು.

ಆದ್ದರಿಂದ ಸಿಕ್ಕಿಕೊಂಡ ಹಡಗಿನ ನಾವಿಕರು ಸ್ವಲ್ಪ ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಹಡಗೇನೋ ಉಳಿಯಿತು. ಆದರೆ ಎಸೆದದ್ದು ಯಾರ ಹತ್ತಿ? ಅವನೊಬ್ಬನೇ ನಷ್ಟ ಹೊರುವುದು ನ್ಯಾಯವೇ? ಅಲ್ಲ ಎನ್ನುತ್ತದೆ ಬಹು ಹಳೆಯ ಒಂದು ನಿಯಮ. ರೋಡ್ಸ್ ದ್ವೀಪದವರದೆಂದು ಹೆಸರಾದ ಆ ನಿಯಮ ಕ್ರಿ.ಶ. 533ರಲ್ಲಿ ಪ್ರಕಟವಾದ ರೋಮನ್ ಕಾನೂನು ಸಂಗ್ರಹದಲ್ಲಿದೆ. ಎಲ್ಲರಿಗಾಗಿ ಎಸೆದದ್ದನ್ನು ಎಲ್ಲರೂ ಸೇರಿ ತುಂಬಿಕೊಡಬೇಕು.

ಲೆಕ್ಕ ಹೀಗೆ: ಹಡಗಿನ ಬೆಲೆ 6 ಲಕ್ಷ, ಒಬ್ಬನ ಹತ್ತಿ 2 ಲಕ್ಷ, ಇನ್ನೊಬ್ಬನ ಮೆಣಸು 2 ಲಕ್ಷ. ಒಟ್ಟು 10 ಲಕ್ಷ. 1 ಲಕ್ಷದ ಹತ್ತಿ ಎಸೆದರು. ನಷ್ಟ ಹತ್ತರಲ್ಲಿ ಒಂದು ಪಾಲು. ಹಡಗಿನವನು 60 ಸಾವಿರ, ಮೆಣಸಿನವನು 20 ಸಾವಿರ ಕೊಡುತ್ತಾರೆ. ಹತ್ತಿಯವನೂ 20 ಸಾವಿರ ಹೊರಬೇಕು.

ಇದು ಹಳೆಯ ಕಥೆಯಲ್ಲ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡವಾಗಿ ಸಿಕ್ಕಿಬಿತ್ತು. ಅದರ ಮೇಲೆ ಸುಮಾರು 18,300 ಕಂಟೇನರುಗಳು. ಮರಳು ತೋಡಿ, ಎಳೆಯುವ ಟಗ್ ದೋಣಿಗಳನ್ನು ಕಟ್ಟಿ, ಹುಣ್ಣಿಮೆಯ ದೊಡ್ಡ ಉಬ್ಬರ ಬಂದಾಗ ಆರು ದಿನಗಳ ಬಳಿಕ ಬಿಡಿಸಿದರು. ಆಮೇಲೆ ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಅಂದರೆ, ಬಿಡಿಸಿದ ಖರ್ಚಿನಲ್ಲಿ ಸರಕಿನ ಮಾಲೀಕರಿಗೂ ಪಾಲು.

ವಿಮೆಯೂ ಇಂಥದೇ ಹಂಚಿಕೆ. ವ್ಯತ್ಯಾಸವೆಂದರೆ ಇಲ್ಲಿ ಹಾನಿಗೆ ಮೊದಲೇ ಹಣ ಕೂಡಿಡುತ್ತಾರೆ. ವರ್ಷವರ್ಷ ಕಟ್ಟುವ ಹಣ ‘ಪ್ರೀಮಿಯಂ’. ಯಾವ ಹಾನಿಗೆ ಹಣ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ಬರೆದ ಕರಾರುಪತ್ರ ‘ಪಾಲಿಸಿ’. ಹೆಚ್ಚೆಂದರೆ ಎಷ್ಟು ಸಿಗಬಹುದು ಎಂಬುದು ‘ವಿಮಾ ಮೊತ್ತ’. ಹಾನಿಯಾದ ಮೇಲೆ ಹಣ ಕೇಳುವುದು ‘ಕ್ಲೇಮು’.

ಇಲ್ಲಿಯೂ ‘ಆವರೇಜ್’ ಎಂಬ ಷರತ್ತು ಅಡಗಿರುತ್ತದೆ. ದೊಡ್ಡವರೂ ಎಡವುವುದು ಇಲ್ಲಿಯೇ. 10 ಲಕ್ಷ ಬೆಲೆಯ ಅಂಗಡಿಯನ್ನು, ಪ್ರೀಮಿಯಂ ಉಳಿಸಲೆಂದು, 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರು. ಬೆಂಕಿಯಿಂದ 2 ಲಕ್ಷ ಹಾನಿಯಾಯಿತು. ಎಷ್ಟು ಸಿಗುತ್ತದೆ? 2 ಲಕ್ಷವಲ್ಲ, 1 ಲಕ್ಷ! ಅರ್ಧ ಬೆಲೆಗೆ ವಿಮೆ ಮಾಡಿಸಿದವರು ಉಳಿದರ್ಧಕ್ಕೆ ತಾವೇ ಹೊಣೆಗಾರರು, ಹತ್ತಿಯವನು ತನ್ನ ಪಾಲು ಹೊತ್ತಂತೆ. ವಾಸದ ಮನೆಗೆ ಮಾತ್ರ, 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ, ಈ ಕಡಿತವಿಲ್ಲ. ಬೆಂಕಿ, ನೆರೆ, ಸಿಡಿಲು ಅದರಲ್ಲಿ ಸೇರಿವೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ದಂಡೆಯ ಊರುಗಳಿಗೆ ನುಗ್ಗಿದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಆಗ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಅದು ವಿಮೆಯಲ್ಲ, ಅದಕ್ಕೆ ಯಾರೂ ಪ್ರೀಮಿಯಂ ಕಟ್ಟಿರಲಿಲ್ಲ, ಮೊತ್ತವನ್ನು ನಿರ್ಧರಿಸಿದ್ದು ಸರಕಾರವೇ. ನಿಮ್ಮ ಮನೆಗೆ ಅಥವಾ ಅಂಗಡಿಗೆ ಪಾಲಿಸಿ ಇದ್ದರೆ ಹಿರಿಯರನ್ನು ಕೇಳಿ, ಅದರಲ್ಲಿ ‘ನೆರೆ’ ಎಂಬ ಪದ ಇದೆಯೇ ಎಂದು ಹುಡುಕಿ.

ಈಗ ನಿಮಗೊಂದು ಲೆಕ್ಕ: ಅಂಗಡಿಯ ಬೆಲೆ 8 ಲಕ್ಷ, ವಿಮಾ ಮೊತ್ತ 6 ಲಕ್ಷ, ಹಾನಿ 1 ಲಕ್ಷ 20 ಸಾವಿರ. ಆವರೇಜ್ ಷರತ್ತು ಹಚ್ಚಿದರೆ ಎಷ್ಟು ಸಿಗುತ್ತದೆ?

(ಉತ್ತರ: 90 ಸಾವಿರ ರೂಪಾಯಿ)