ಹುಳಿ, ಕಿಲುಬು, ಕಲಾಯಿ: ಆಮ್ಲ–ಲೋಹ ಸಂಬಂಧದ ಜಾನಪದ ತಿಳಿವಳಿಕೆ

ಅಡುಗೆಮನೆಯ ವಿಧಿನಿಷೇಧಗಳು ಜಾನಪದ ಸಂಗ್ರಹಗಳಲ್ಲಿ ಬಹುಮಟ್ಟಿಗೆ ‘ನಂಬಿಕೆಗಳು’ ಎಂಬ ಶೀರ್ಷಿಕೆಯಡಿಯಲ್ಲಿಯೇ ಸೇರುತ್ತವೆ. ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಇಡಬಾರದು, ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ಕುಡಿಯಬಾರದು, ಉಪ್ಪಿನಕಾಯಿಗೆ ಲೋಹ ಸೋಕಬಾರದು ಎಂಬ ಮಾತುಗಳು ಬೆಕ್ಕು ಅಡ್ಡ ಬಂದರೆ ಅಪಶಕುನ ಎಂಬ ಮಾತಿನ ಪಕ್ಕದಲ್ಲಿ ದಾಖಲಾಗುತ್ತವೆ. ರೂಪದಲ್ಲಿ ಈ ಎರಡೂ ಒಂದೇ. ಆಧಾರದಲ್ಲಿ ಬೇರೆ ಬೇರೆ. ಮೊದಲ ಗುಂಪಿನ ಹೇಳಿಕೆಗಳ ಹಿಂದೆ ಪದೇ ಪದೇ ಪರೀಕ್ಷೆಗೊಳಗಾದ ಅನುಭವವಿದೆ. ಆಮ್ಲಗಳು ಲೋಹಗಳೊಡನೆಯೂ ಲೋಹಸಂಯುಕ್ತಗಳೊಡನೆಯೂ ವರ್ತಿಸುವ ಬಗೆಯನ್ನು ರಸಾಯನಶಾಸ್ತ್ರದ ನೆರವಿನಿಂದ ವಿವರಿಸಿ, ಆ ಅನುಭವದ ಸ್ವರೂಪವನ್ನೂ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ‘ಹುಳಿ’ ಎಂಬ ವರ್ಗ

ಶಾಸ್ತ್ರವು ‘ಆಮ್ಲ’ ಎಂದು ಕರೆಯುವುದನ್ನು ಜನಪದರು ‘ಹುಳಿ’ ಎಂದು ನಾಲಿಗೆಯಿಂದ ಗುರುತಿಸಿದರು. ಹುಣಸೆಯಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರು ಮಜ್ಜಿಗೆಗಳಲ್ಲಿ ಲ್ಯಾಕ್ಟಿಕ್ ಆಮ್ಲ. ಮೂಲಗಳು ಬೇರೆಯಾದರೂ ಇವೆಲ್ಲವೂ ನೀರಿನಲ್ಲಿ ಜಲಜನಕದ ಅಯಾನುಗಳನ್ನು ಬಿಟ್ಟುಕೊಡುತ್ತವೆ. ಹುಳಿರುಚಿಗೂ ಲೋಹದ ಮೇಲಿನ ಪರಿಣಾಮಕ್ಕೂ ಈ ಅಯಾನುಗಳೇ ಕಾರಣ. ಆದ್ದರಿಂದ ರುಚಿಯನ್ನು ಆಧರಿಸಿದ ಜನಪದ ವರ್ಗೀಕರಣವು ರಾಸಾಯನಿಕ ವರ್ಗೀಕರಣಕ್ಕೆ ಬಹಳ ಹತ್ತಿರದಲ್ಲಿದೆ. ಹುಣಸೆ ಸಿಗದಿದ್ದಾಗ ನಿಂಬೆಯ ಸಿಪ್ಪೆಯಿಂದಲೂ ಹುಳಿ ಮಜ್ಜಿಗೆಯಿಂದಲೂ ಪಾತ್ರೆ ಬೆಳಗುವ ರೂಢಿ ಈ ತಿಳಿವಳಿಕೆಗೆ ಸಾಕ್ಷಿ.

2. ಆಮ್ಲದ ಮೂರು ನಡೆಗಳು

ಲೋಹದ ಸಂಗಡ ಆಮ್ಲದ ವ್ಯವಹಾರವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಆಮ್ಲವು ಲೋಹವನ್ನೇ ಕರಗಿಸುವುದು. ಸತು, ಕಬ್ಬಿಣ ಮುಂತಾದ ಪಟುಲೋಹಗಳು ಆಮ್ಲದಲ್ಲಿರುವ ಜಲಜನಕವನ್ನು ಹೊರದೂಡಿ ಅದರ ಸ್ಥಾನವನ್ನು ತಾವು ಪಡೆಯುತ್ತವೆ. ಲವಣ ಉಂಟಾಗಿ ಜಲಜನಕ ಅನಿಲ ಹೊರಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಣಸೆಹುಳಿ ಕುದಿಸಿದರೆ ಸಾರು ಕಪ್ಪಾಗಿ ಒಗರುವುದು ಕಬ್ಬಿಣ ಕರಗಿದುದರ ಕುರುಹು. ತಾಮ್ರ, ಬೆಳ್ಳಿ, ಚಿನ್ನಗಳು ಜಲಜನಕಕ್ಕಿಂತ ಕಡಿಮೆ ಪಟುವಾದುದರಿಂದ ಅದನ್ನು ಹೊರದೂಡಲಾರವು.

ಎರಡನೆಯದು, ಆಮ್ಲವು ಲೋಹದ ಆಕ್ಸೈಡಿನೊಡನೆ ಸೇರಿ ಲವಣವನ್ನೂ ನೀರನ್ನೂ ಕೊಡುವುದು. ಮೂರನೆಯದು, ಕಾರ್ಬೊನೇಟಿನೊಡನೆ ಸೇರಿದಾಗ ಲವಣ ಮತ್ತು ನೀರಿನ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವೂ ಹೊರಬರುವುದು. ಕಲಬುರಗಿ ಭಾಗದ ಶಹಾಬಾದ್ ಹಾಸುಗಲ್ಲಿನ ನೆಲದ ಮೇಲೆ ನಿಂಬೆರಸ ಚೆಲ್ಲಿದರೆ ಹೊಳಪು ಅಳಿದು ಕಲೆ ನಿಲ್ಲುವುದು ಈ ಮೂರನೆಯ ನಡೆಯಿಂದ. ಆ ಕಲ್ಲು ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಎಂಬ ಲೋಹದ ಕಾರ್ಬೊನೇಟ್.

3. ಬೆಳಗುವುದಕ್ಕೂ ಇಡುವುದಕ್ಕೂ ಇರುವ ಅಂತರ

ತಾಮ್ರದ ಹಂಡೆಯ ಮೇಲಿನ ಕಂದು ಪದರವು ಹೆಚ್ಚಾಗಿ ತಾಮ್ರದ ಆಕ್ಸೈಡ್. ತೇವ ತಗುಲಿದೆಡೆ ಕಾಣುವ ಹಸಿರು ಕಿಲುಬಿನಲ್ಲಿ ತಾಮ್ರದ ಕಾರ್ಬೊನೇಟ್ ಇರುತ್ತದೆ. ಹುಣಸೆಹಣ್ಣಿನಿಂದ ಉಜ್ಜಿದಾಗ ಆಮ್ಲವು ಈ ಪದರಗಳನ್ನು ಕರಗಿಸುತ್ತದೆ. ಕೆಳಗಿನ ತಾಮ್ರ ಬಹುತೇಕ ಹಾಗೆಯೇ ಉಳಿದು ಹೊಳೆಯುತ್ತದೆ. ಜೊತೆಗೆ ಬಳಸುವ ಉಪ್ಪು ಉಜ್ಜಲು ಮಾತ್ರ ನೆರವಾಗುವುದಿಲ್ಲ. ಅದರ ಕ್ಲೋರೈಡ್ ಅಂಶವು ತಾಮ್ರದ ಸಂಯುಕ್ತಗಳನ್ನು ಮತ್ತಷ್ಟು ಬೇಗ ಕರಗಿಸುತ್ತದೆ. ಒಲೆಯ ಬೂದಿ ಕ್ಷಾರವಾದುದರಿಂದ ಅದು ಜಿಡ್ಡನ್ನು ತೆಗೆಯುತ್ತದೆ, ಕಿಲುಬನ್ನಲ್ಲ. ಬೂದಿ ಮತ್ತು ಹುಳಿಯನ್ನು ಒಟ್ಟಿಗೆ ಕಲಸಿದರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ. ಒಂದಾದ ಮೇಲೆ ಒಂದನ್ನು ಬಳಸಿದರೆ ಎರಡೂ ಫಲಿಸುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಳಿ ತಾಮ್ರವನ್ನು ಕರಗಿಸಲಾರದಾದರೆ ಅದೇ ಪಾತ್ರೆಯಲ್ಲಿ ಹುಳಿಸಾರು ಇಡಬಾರದೇಕೆ? ಉತ್ತರ ಗಾಳಿಯಲ್ಲಿದೆ. ಗಾಳಿಯ ಆಮ್ಲಜನಕವು ತಾಮ್ರದ ಮೇಲ್ಮೈಯನ್ನು ಸತತವಾಗಿ ಉತ್ಕರ್ಷಿಸುತ್ತದೆ. ಹಾಗೆ ಉತ್ಕರ್ಷಿತವಾದ ತಾಮ್ರವನ್ನು ಆಮ್ಲ ಕೂಡಲೇ ಕರಗಿಸುತ್ತದೆ. ಹೊಸ ತಾಮ್ರ ಗಾಳಿಗೆ ಒಡ್ಡಿಕೊಳ್ಳುತ್ತದೆ. ಬೆಳಗುವ ನಾಲ್ಕಾರು ನಿಮಿಷಗಳಲ್ಲಿ ಈ ಚಕ್ರದ ಪರಿಣಾಮ ಅತ್ಯಲ್ಪ. ರಾತ್ರಿಯಿಡೀ ನಡೆದರೆ ಆಹಾರದಲ್ಲಿ ತಾಮ್ರದ ಲವಣ ಸೇರಿ ವಾಕರಿಕೆ, ವಾಂತಿಗಳಿಗೆ ಕಾರಣವಾಗುತ್ತದೆ. ಹಿತ್ತಾಳೆಯಲ್ಲಿ ಸತುವೂ ಇರುವುದರಿಂದ ಅದೂ ಕರಗುತ್ತದೆ. ಅತಿಯಾಗಿ ಹುಳಿ ಹಚ್ಚಿ ಬಿಟ್ಟ ಹಿತ್ತಾಳೆಯ ಮೇಲ್ಮೈ ಕೆಂಪೇರುವುದು ಸತು ಹೋಗಿ ತಾಮ್ರ ಉಳಿದುದರಿಂದ. ಹೀಗೆ ‘ಹುಳಿಯಿಂದ ಬೆಳಗು, ಹುಳಿಯನ್ನು ಇಡಬೇಡ’ ಎಂಬ, ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಎರಡು ನಡೆಗಳು ಕಾಲಾವಧಿಯ ಅರಿವಿನಲ್ಲಿ ಒಂದಾಗುತ್ತವೆ. ಉಪ್ಪಿನಕಾಯಿಗೆ ಪಿಂಗಾಣಿ ಭರಣಿ, ಮೊಸರಿಗೆ ಮಣ್ಣಿನ ಗಡಿಗೆ, ಹುಳಿಗೊಜ್ಜಿಗೆ ಬಳಪದ ಕಲ್ಲಿನ ಪಾತ್ರೆ ಎಂಬ ಹಂಚಿಕೆಯೂ ಇದೇ ತರ್ಕದ ಮುಂದುವರಿಕೆ.

4. ಕಲಾಯಿ

ಹಿತ್ತಾಳೆ, ತಾಮ್ರಗಳನ್ನು ಅಡುಗೆಗೆ ಬಳಸಲೇಬೇಕಾದಾಗ ಕಂಡುಕೊಂಡ ಪರಿಹಾರ ಕಲಾಯಿ. ಕಲಾಯಿಗಾರನು ಪಾತ್ರೆಯ ಒಳಮೈಯನ್ನು ಮರಳಿನಿಂದ ತಿಕ್ಕಿ, ತಿದಿಯೊತ್ತಿದ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಸೋಕಿಸಿ ಅರಳೆಯಿಂದ ಬಳಿಯುತ್ತಾನೆ. ತವರವು 232 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಆದರೆ ಕಾದ ತಾಮ್ರದ ಮೇಲೆ ಕೂಡಲೇ ಆಕ್ಸೈಡ್ ಮೂಡುವುದರಿಂದ ಕರಗಿದ ತವರವೂ ಅಲ್ಲಿ ಅಂಟದು. ಇಲ್ಲಿ ನವಸಾಗರದ ಪಾತ್ರ ನಿರ್ಣಾಯಕ. ಅಮೋನಿಯಂ ಕ್ಲೋರೈಡ್ ಆದ ಇದು ಕಾವಿಗೆ ಒಡೆದು ಅಮೋನಿಯಾ ಮತ್ತು ಹೈಡ್ರೊಕ್ಲೋರಿಕ್ ಆಮ್ಲದ ಅನಿಲಗಳನ್ನು ಕೊಡುತ್ತದೆ. ಆ ಆಮ್ಲ ಆಕ್ಸೈಡನ್ನು ತೆಗೆದುಹಾಕಿ ಶುದ್ಧ ಲೋಹವನ್ನು ತೆರೆದಿಡುತ್ತದೆ. ಆಗ ಏಳುವ ದಟ್ಟ ಬಿಳಿಹೊಗೆ ಆ ಎರಡು ಅನಿಲಗಳು ಮತ್ತೆ ಕೂಡಿದುದರ ಫಲ. ಹುಳಿಯಿಂದ ಪಾತ್ರೆಯನ್ನು ಕಾಯುವ ಈ ಕಸುಬು ಸ್ವತಃ ಒಂದು ಆಮ್ಲದ ನೆರವಿನಿಂದಲೇ ನಡೆಯುತ್ತದೆ ಎಂಬುದು ಗಮನಾರ್ಹ.

ತವರವು ಜಲಜನಕಕ್ಕಿಂತ ತುಸು ಪಟುವಾದರೂ ದುರ್ಬಲ ಆಮ್ಲಗಳೊಡನೆ ಅತಿ ನಿಧಾನವಾಗಿ ವರ್ತಿಸುತ್ತದೆ. ಕರಗಿದ ಅಲ್ಪಪ್ರಮಾಣವೂ ತಾಮ್ರದಂತೆ ಬಾಧಿಸುವುದಿಲ್ಲ. ಸವೆತದಿಂದ ಕೆಂಪು ಇಣುಕಿದಾಗ ಮತ್ತೆ ಕಲಾಯಿ ಹಾಕಿಸುವುದು ವಾಡಿಕೆಯಾಗಿತ್ತು. ಪಾತ್ರೆಯ ಬಣ್ಣವೇ ಇಲ್ಲಿ ಎಚ್ಚರಿಕೆಯ ಗಂಟೆ.

5. ಬಿದರಿ

ಅದೇ ನವಸಾಗರ ಬೀದರಿನಲ್ಲಿ ಕಲೆಯ ಸಾಧನವಾಗಿದೆ. ಬಿದರಿ ಪಾತ್ರೆಗಳ ಮೂಲದ್ರವ್ಯ ಸತು. ಅದಕ್ಕೆ ಅಲ್ಪಪ್ರಮಾಣದ ತಾಮ್ರ ಬೆರೆಸುತ್ತಾರೆ. ಎರಕಹೊಯ್ದು ನಯಗೊಳಿಸಿದ ಪಾತ್ರೆಗೆ ಮೊದಲು ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಸತುವು ಆ ಲವಣದಿಂದ ತಾಮ್ರವನ್ನು ಹೊರದೂಡುವುದರಿಂದ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಚಿತ್ತಾರದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡುಗಳನ್ನು ಕೂರಿಸಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ, ನೀರು ಬೆರೆಸಿದ ಸರಿಯನ್ನು ಬಿಸಿಯಾದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮೇಲ್ಮೈ ಈ ಕಲಸಿನೊಡನೆ ವರ್ತಿಸಿ, ತಾಮ್ರಾಂಶವಿರುವ ಕಪ್ಪು ಪದರ ಶಾಶ್ವತವಾಗಿ ನಿಲ್ಲುತ್ತದೆ. ಬೆಳ್ಳಿ ಮಾತ್ರ ಬದಲಾಗದೆ ಉಳಿಯುತ್ತದೆ. ಕಪ್ಪಿನ ಮೇಲೆ ಬಿಳಿಯ ಈ ಸೊಬಗು ಎರಡು ಲೋಹಗಳ ಪಟುತ್ವದ ಅಂತರದಿಂದಲೇ ಹುಟ್ಟಿದುದು. ಮಣ್ಣಿನ ಯೋಗ್ಯತೆಯನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ ಎಂಬುದು ‘ಹುಳಿ’ಯನ್ನು ನಾಲಿಗೆಯಿಂದಲೇ ವರ್ಗೀಕರಿಸಿದ ಕ್ರಮವನ್ನು ನೆನಪಿಸುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

6. ಜನಪದ ಜ್ಞಾನದ ಮಿತಿ

ಮೇಲಿನ ಎಲ್ಲ ನಿದರ್ಶನಗಳಲ್ಲಿ ರಾಸಾಯನಿಕ ಬದಲಾವಣೆಯು ಇಂದ್ರಿಯಗಳಿಗೆ ಗೋಚರಿಸುತ್ತದೆ. ಕಿಲುಬು ಹಸಿರಾಗುತ್ತದೆ, ಸಾರು ಕಪ್ಪಾಗುತ್ತದೆ, ಕಿಲುಬಿದ ಮಜ್ಜಿಗೆ ನಾಲಿಗೆಗೆ ಕಹಿಯಾಗುತ್ತದೆ. ಇಂತಹ ಕುರುಹು ಕೊಡದ ಲೋಹದ ಮುಂದೆ ಈ ಜ್ಞಾನ ಅಸಹಾಯಕ. ಬೆಲೆ ತಗ್ಗಿಸಲು ತವರಕ್ಕೆ ಸೀಸ ಬೆರೆಸಿದರೆ ಕಲಾಯಿ ನೋಡಲು ಬೆಳ್ಳಗೇ ಇರುತ್ತದೆ. ಆದರೆ ಹುಳಿಯಲ್ಲಿ ಸೀಸ ಕರಗಿ, ಬಣ್ಣವನ್ನಾಗಲಿ ವಾಕರಿಕೆಯನ್ನಾಗಲಿ ತೋರದೆ, ವರ್ಷಗಟ್ಟಲೆ ದೇಹದಲ್ಲಿ ಸಂಚಯವಾಗುತ್ತದೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ತಾಮ್ರಕ್ಕೆ ಲೀಟರಿಗೆ 2 ಮಿಲಿಗ್ರಾಂ, ಸೀಸಕ್ಕೆ 0.01 ಮಿಲಿಗ್ರಾಂ. ಈ ಇನ್ನೂರು ಪಟ್ಟು ಅಂತರವನ್ನು ಯಾವ ನಾಲಿಗೆಯೂ ಅರಿಯಲಾರದು. ಆದುದರಿಂದ ಜನಪದರಿಗೆ ರಸಾಯನಶಾಸ್ತ್ರವೆಲ್ಲವೂ ತಿಳಿದಿತ್ತು ಎಂಬ ಉತ್ಸಾಹದ ಮಾತು, ಅವರದೆಲ್ಲ ಬರಿಯ ನಂಬಿಕೆ ಎಂಬ ತಾತ್ಸಾರದ ಮಾತಿನಷ್ಟೇ ಅಸಮರ್ಪಕ.

7. ಸಮಾರೋಪ

ಸ್ಟೇನ್‌ಲೆಸ್ ಸ್ಟೀಲ್ ಮನೆಮನೆಗೆ ಬಂದ ಮೇಲೆ ಈ ವಿಧಿನಿಷೇಧಗಳ ಅಗತ್ಯವೇ ಇಲ್ಲವಾಯಿತು. ಅದರ ಮೇಲ್ಮೈಯ ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರ ಅಡುಗೆಯ ಹುಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಅಗತ್ಯ ತಪ್ಪಿದೊಡನೆ ಮಾತು ಮರೆಯಾಯಿತು. ಕಲಾಯಿಗಾರರ ಕೂಗೂ ಬೀದಿಗಳಲ್ಲಿ ವಿರಳವಾಯಿತು. ಆದರೆ ಇದೀಗ ತಾಮ್ರದ ಬಾಟಲಿ, ಹಿತ್ತಾಳೆಯ ಪಾತ್ರೆಗಳು ಆರೋಗ್ಯದ ಹೆಸರಿನಲ್ಲಿ ಮರಳಿ ಬಂದಿವೆ. ಪಾತ್ರೆ ಮರಳಿದೆ, ಅದರೊಂದಿಗಿದ್ದ ನಿಷೇಧ ಮರಳಿಲ್ಲ. ತಾಮ್ರದ ಬಾಟಲಿಯಲ್ಲಿ ನಿಂಬೆಪಾನಕ ತುಂಬಿಡುವವರಿಗೆ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳು ಹೇಳಬಹುದಾಗಿದ್ದ ಎಚ್ಚರಿಕೆಯ ಮಾತು ದೊರೆಯದಾಗಿದೆ.

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯದ ಕ್ರಮವೂ ಬದಲಾಗಬೇಕಾಗಿದೆ. ‘ಇಡಬಾರದು’ ಎಂಬ ಮಾತನ್ನು ಬರೆದುಕೊಳ್ಳುವುದಷ್ಟೇ ಸಾಲದು. ಯಾವ ಲೋಹ, ಯಾವ ಹುಳಿ, ಎಷ್ಟು ಹೊತ್ತು, ಕಲಾಯಿ ಇತ್ತೇ ಇಲ್ಲವೇ, ಕೆಟ್ಟುದನ್ನು ಯಾವ ಕುರುಹಿನಿಂದ ತಿಳಿದರು ಎಂಬ ವಿವರಗಳೂ ದಾಖಲಾಗಬೇಕು. ಪಾತ್ರೆ ಬೆಳಗಿದ ಕೈಗಳೂ ಕಲಾಯಿ ಹಾಕಿದ ಕೈಗಳೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯುವುದು ಅವಶ್ಯ.