ಮೊಳದುದ್ದದ ಪೆಟ್ಟಿಗೆಯಲ್ಲಿ ಸಭಾಂಗಣದ ಗುಂಗು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಯಾಣಕ್ಕೆ ಪ್ರವಾಸ ಹೋದ ಮಕ್ಕಳು ಬಂಡೆಯೆದುರು ಒಂದು ಕೂ ಹಾಕದೆ ಬಾರರು. ಬಂಡೆಗೆ ಬಡಿದ ಧ್ವನಿ ಮರಳುವುದೇ ಪ್ರತಿಧ್ವನಿ. ಗಿಟಾರಿನ ಆಂಪ್ಲಿಫೈಯರ್‌ಗೆ ಬಂಡೆ ಬೇಡ, ತಗಡಿನ ಪೆಟ್ಟಿಗೆಯಲ್ಲಿ ಕಟ್ಟಿದ ಎರಡು ಮೂರು ಸ್ಪ್ರಿಂಗ್ ಸಾಕು.

ಒಂದು ತುದಿಯ ಕಾಯಿಲ್ ವಿದ್ಯುತ್ತನ್ನು ಕಂಪನವಾಗಿಸುತ್ತದೆ. ಇನ್ನೊಂದು ತುದಿಯದು ಕಂಪನವನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಈ ದಾರಿ ಸವೆಸಲು ಕಂಪನಕ್ಕೆ 30–40 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಗಾಳಿಯಲ್ಲಿ ಧ್ವನಿ ಹತ್ತು ಮೀಟರ್ ದಾಟಿರುತ್ತದೆ! ಹ್ಯಾಮಂಡ್ ಆರ್ಗನ್ನಿನಲ್ಲಿ ಬಳಕೆಗೆ ಬಂದ ಈ ಉಪಾಯವನ್ನು ಗಿಟಾರ್ ವಾದಕರಲ್ಲಿ ಜನಪ್ರಿಯಗೊಳಿಸಿದ್ದು 1960ರ ದಶಕದ ಫೆಂಡರ್ ಆಂಪ್ಲಿಫೈಯರುಗಳು.

ಗುಂಗು ನಿಂತಿತೆಂದು ಆಂಪ್ಲಿಫೈಯರನ್ನೇ ಮೂಲೆಗೆ ತಳ್ಳಬೇಕಿಲ್ಲ. ಮೊದಲು ಕೇಬಲ್ ನೋಡಿ, ಬಳಿಕ ಮಲ್ಟಿಮೀಟರಿನಿಂದ ಎರಡೂ ಕಾಯಿಲ್ ಅಳೆಯಬೇಕು. 8 ಓಮ್ ಇಂಪಿಡೆನ್ಸಿನ ಕಾಯಿಲ್ ಸುಮಾರು 1 ಓಮ್ ತೋರಿಸಿದರೆ ಕೆಟ್ಟಿಲ್ಲ. ಇಂಪಿಡೆನ್ಸ್ ಬೇರೆ, ರೆಸಿಸ್ಟೆನ್ಸ್ ಬೇರೆ. ಮೀಟರು ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಹೊಸ ಪೆಟ್ಟಿಗೆಯ ಎರಡೂ ಕಾಯಿಲ್‌ಗಳ ಇಂಪಿಡೆನ್ಸ್ ಹಳೆಯದರಷ್ಟೇ ಇರಬೇಕು.

ಪಾಲಕರಿಗೊಂದು ಮಾತು: ವಾಲ್ವ್ ಆಂಪ್ಲಿಫೈಯರ್‌ನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಉಳಿದಿರಬಹುದು. ಅದು ಪ್ರಾಣಕ್ಕೇ ಅಪಾಯ. ಒಳಗೆ ಕೈ ಹಾಕುವ ಕೆಲಸ ಬಲ್ಲ ಮೆಕ್ಯಾನಿಕನದಾಗಲಿ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ, ಕೇಳಲಿ, ಕಲಿಯಲಿ.