ಹೊಳೆದದ್ದು ಫಿಯೆಟ್, ಬೋಳಾದದ್ದು ನನ್ನ ಜೇಬು!

ತೆರೆಯ ಮೇಲೆ ಹಳೇ ಕಾರು ಥಳಥಳ ಅಂತ ಬಂದರೆ ಶಿಳ್ಳೆ ಹೊಡೀತೀರಲ್ಲ ಗೆಳೆಯರೇ, ಆ ಹೊಳಪಿನ ರೇಟು ನನ್ನನ್ನು ಕೇಳಿ!

ಅಪ್ಪ ಬಿಟ್ಟುಹೋದ 1983ರ ಪ್ರೀಮಿಯರ್ ಪದ್ಮಿನಿ ಮನೆಮುಂದೆ ನಿಂತಿತ್ತು. ‘ಹಳೇ ಕಾಲದ ಕಥೆ. 3 ದಿನದ ಶೂಟಿಂಗು, ದಿನಕ್ಕೆ 5 ಸಾವಿರ. ಬಣ್ಣ ಮಾತ್ರ ಮಾಡಿಸಿಡಿ’ ಎಂದರು ಪ್ರೊಡಕ್ಷನ್ ಮ್ಯಾನೇಜರೊಬ್ಬರು.

ಬೆಂಗಳೂರಿನ ಜೆ.ಸಿ. ರಸ್ತೆ ಹಿಂದಿನ ಗಲ್ಲಿಗೆ ಒಯ್ದೆ. ಟಿಂಕರಿಂಗ್ ಮೇಸ್ತ್ರಿ ಬಾಗಿಲ ಕೆಳಗೆ ಅಯಸ್ಕಾಂತ ಹಿಡಿದರು. ಅಂಟಲೇ ಇಲ್ಲ!

‘ಇದು ತಗಡಲ್ಲ ತಮ್ಮಾ, ಬರೀ ಪುಟ್ಟಿ.’

ಕೆರೆದರೆ ಒಳಗೆಲ್ಲ ತುಕ್ಕು. ಬೆರಳು ತೂರುವಷ್ಟು ತೂತು! ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ತಯಾರಿಕೆ ನಿಂತು 20 ವರ್ಷದ ಮೇಲಾಯ್ತು. ಹೊಸ ಬಾಗಿಲು ಎಲ್ಲಿಂದ ತರೋದು? ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬಡಿದು, ಬೆಸುಗೆ ಹಾಕಬೇಕು. ಕೂಲಿ ತಿನ್ನೋದೇ ಇದು.

‘ಮತ್ತೆ ಪುಟ್ಟಿ ಮೆತ್ತಿದರೆ 25 ಸಾವಿರ. ಮಳೆಗಾಲ ಬಂದರೆ ಉಬ್ಬುತ್ತೆ. ಸರಿಯಾಗಿ ಮಾಡಿದರೆ ಟಿಂಕರಿಂಗಿಗೆ 45, ಬಣ್ಣಕ್ಕೆ 35.’

ಆಗ ನೆನಪಾಯ್ತು. ನಾನು ಪಿಯುಸಿ ಸೇರಿದ ವರ್ಷ, ಕಾರಿಗೆಂದು ಇಟ್ಟಿದ್ದ ದುಡ್ಡನ್ನು ಅಪ್ಪ ನನ್ನ ಫೀಸಿಗೆ ಕಟ್ಟಿ, ತೂತಿಗೆ ಪುಟ್ಟಿ ಮೆತ್ತಿಸಿದ್ದರು. ನಾನೋ, ಪಿಯುಸಿ ಅರ್ಧಕ್ಕೇ ಬಿಟ್ಟ ಭೂಪ!

‘ಸರಿಯಾಗೇ ಮಾಡಿ’ ಅಂದೆ.

ಅಮ್ಮ ಎರಡು ಬಳೆ ಬಿಚ್ಚಿಕೊಟ್ಟರು. ಒಂದೂವರೆ ತಿಂಗಳು ಬಡಿತ, ಉಜ್ಜಾಟ, ಪ್ರೈಮರ್, ಸ್ಪ್ರೇ. ಅದೇ ಕೆನೆಬಣ್ಣ! ಖರ್ಚು 80 ಸಾವಿರ, ಬಾಡಿಗೆ ಬಂದದ್ದು 15. ಬಳೆ ಇನ್ನೂ ಗಿರವಿ ಅಂಗಡಿಯಲ್ಲೇ ಇದೆ.

ಸಿನಿಮಾ ಬಂತು, ಅಮ್ಮನನ್ನೂ ಕರ್ಕೊಂಡು ಹೋದೆ. ನಮ್ಮ ಕಾರು ಎರಡು ಸಲ ಬರುತ್ತೆ ಸ್ವಾಮಿ... ಎರಡೂ ರಾತ್ರಿ ಸೀನು!